ಒಂಬತ್ತು ಏಟು

ತಿರುಮಲರಾಯರ ಮದರಾಸಿನ ಬೆಸೆಂಟ್ ನಗರದ ಮನೆಯ ಹಿಂದೆ ಒಂದು ತಗಡಿನ ಶೆಡ್ಡಿತ್ತು. ಅದರಲ್ಲಿ ಅವರ ಕೆಂಪು ಎಂ.ಜಿ. ಕಾರು ಟಾರ್ಪಾಲು ಹೊದ್ದು ನಿಂತಿತ್ತು. ಮೂಲೆಯಲ್ಲಿ ಒಂದು ಗೋಣಿಚೀಲ, ಅದರೊಳಗೆ ಆ ಕಾರಿನ ಮುಂದಿನ ಎಡ ಚಕ್ರ. ಚೀಲ ಬಿಚ್ಚಿ ನೋಡಿದ್ದರೆ, ತಪ್ಪು ಹರಿದಾಸಣ್ಣನದಲ್ಲ, ನನ್ನದು ಎಂದು ಕೆಲಸ ಬಲ್ಲ ಯಾರಿಗಾದರೂ ತಿಳಿಯುತ್ತಿತ್ತು. ಇಪ್ಪತ್ತೇಳು ವರ್ಷ ಯಾರೂ ಬಿಚ್ಚಲಿಲ್ಲ. ನಾನೂ ಬಿಚ್ಚಿ ತೋರಿಸಲಿಲ್ಲ.

ಎಪ್ಪತ್ತೊಂದನೆಯ ಇಸವಿ ಫೆಬ್ರವರಿಯಲ್ಲಿ ಶೋಳಾವರಂ ಕಾರು ರೇಸಿಗೆ ಆ ಕಾರನ್ನು ಸಿದ್ಧ ಮಾಡಿದವರು ನಾವಿಬ್ಬರು. ಹರಿದಾಸಣ್ಣ ದೊಡ್ಡ ಮೆಕ್ಯಾನಿಕ್, ನನಗೆ ಕೆಲಸ ಕಲಿಸಿದವನು. ಓಡಿಸುವವನು ರಾಯರ ತಮ್ಮ ಸಂಜೀವ. ಆ ಕಾರಿನ ತಂತಿ ಚಕ್ರಕ್ಕೆ ಬೇರೆ ಕಾರಿನಂತೆ ನಾಲ್ಕೈದು ನಟ್ಟುಗಳಿಲ್ಲ. ನಡುವೆ ಎರಡು ಕಿವಿಯಿರುವ ಒಂದೇ ದೊಡ್ಡ ಹಿತ್ತಾಳೆ ನಟ್ಟು. ಕಿವಿಗೆ ಸುತ್ತಿಗೆಯಿಂದ ಹೊಡೆದು ಬಿಗಿ ಮಾಡಬೇಕು. ಅದು ಹರಿದಾಸಣ್ಣನ ಕೆಲಸ. ಒಂದು ಚಕ್ರಕ್ಕೆ ಒಂಬತ್ತು ಏಟು, ಬಾಯಲ್ಲಿ ಎಣಿಸುತ್ತ ಹೊಡೆಯುತ್ತಿದ್ದ. ಚಕ್ರ ಕೂರುವ ಹಬ್ ನನ್ನ ಕೆಲಸ. ಬೇರಿಂಗಿಗೆ ಗ್ರೀಸು ತುಂಬಿ, ಒಳನಟ್ಟು ಹಾಕಿ, ಅದು ತಿರುಗದಂತೆ ಒಂದು ಪಿನ್ನು ತೂರಿಸಿ, ಮೇಲೆ ಮುಚ್ಚಳ ಬಡಿಯಬೇಕು.

ಹನ್ನೊಂದನೆಯ ಸುತ್ತಿನಲ್ಲಿ ಚಕ್ರ ಕಳಚಿತು. ಕಾರು ಮಗುಚಿ ಸಂಜೀವ ಅಲ್ಲೇ ತೀರಿಕೊಂಡ. ಎಲ್ಲರೂ ಅವನ ಕಡೆ ಓಡಿದರು. ಚಕ್ರ ಉರುಳಿ ಬಿದ್ದಲ್ಲಿಗೆ ಹೋದವನು ನಾನೊಬ್ಬನೇ. ಹಿತ್ತಾಳೆ ನಟ್ಟು ಕೂದಲೆಳೆಯಷ್ಟೂ ಸರಿದಿರಲಿಲ್ಲ. ಹಬ್ ಚಕ್ರದ ಜೊತೆಯಲ್ಲೇ ಕಿತ್ತು ಬಂದಿತ್ತು. ಚಕ್ರವನ್ನು ಗೋಣಿಚೀಲಕ್ಕೆ ಹಾಕಿದೆ. ಆ ಸಂಜೆ ಶರ್ಟು ಬಿಚ್ಚುವಾಗ ಜೇಬಿನಲ್ಲಿ ಪಿನ್ನು ಸಿಕ್ಕಿತು, ಹಬ್‌ಗೆ ತೂರಿಸಲು ಮರೆತದ್ದು. ಮೋರಿಗೆ ಹಾಕಿದೆ.

‘‘ನಟ್ಟು ಸಡಿಲ ಬಿಟ್ಟು ನನ್ನ ತಮ್ಮನ್ನ ಕೊಂದೆ’’ ಎಂದು ರಾಯರು ಹತ್ತು ಜನರ ಮುಂದೆ ಹರಿದಾಸಣ್ಣನಿಗೆ ಹೇಳಿದರು. ‘‘ಒಂಬತ್ತು ಹೊಡೆದೆ ಸಾರ್’’ ಎಂದ ಅವನು. ಆಮೇಲೆ ಮದರಾಸಿನ ಒಂದು ಗ್ಯಾರೇಜೂ ಅವನನ್ನು ಸೇರಿಸಲಿಲ್ಲ. ಮದುವೆ ಛತ್ರಗಳಲ್ಲಿ ನೀರು ಹೊತ್ತ. ಎಂಬತ್ತನಾಲ್ಕರಲ್ಲಿ ಸತ್ತ.

ತೊಂಬತ್ತೆಂಟರಲ್ಲಿ ರಾಯರು ನನ್ನನ್ನು ಕರೆಸಿದರು. ಅವರಿಗೆ ಎಪ್ಪತ್ತು ದಾಟಿತ್ತು.

‘‘ಏನೋ ವಿಠ್ಠಲಾ, ಇದು ಓಡತ್ತಾ, ಇಲ್ಲ ನಾನು ಚುಮ್ಮಾ ಕನಸು ಕಾಣ್ತಿದೀನಾ?’’

‘‘ಓಡತ್ತೆ ಸಾರ್. ಇದರ ಸಾಮಾನು ಮಾತ್ರ ಎಲ್ಲೂ ಸಿಗಲ್ಲ. ಅಂಬಾಸಿಡರ್ ಎಂಜಿನ್ ಕೂಡ್ರಿಸಬೇಕು.’’

‘‘ಟ್ಯಾಕ್ಸಿ ಎಂಜಿನ್ನಾ? ಈ ವಯಸ್ಸಲ್ಲಿ ಮಾನ ಕಳೀತೀಯೇನೋ.’’

‘‘ಎರಡೂ ಒಂದೇ ಇಂಗ್ಲಿಷ್ ಕಂಪನಿಯ ಮನೆತನದ್ದು ಸಾರ್. ಒಂದು ಬಂಗಲೇಲಿ ಬೆಳೀತು, ಒಂದು ಬಾಡಿಗೆ ಹೊಡೀತು, ಅಷ್ಟೇ.’’

ಅವರು ನಕ್ಕರು. ಸಂಜೀವ ಹೋದ ಮೇಲೆ ಆ ಕಾರಿನ ಹತ್ತಿರ ಅವರು ನಕ್ಕದ್ದು ನಾನು ನೋಡಿರಲಿಲ್ಲ.

ನಾಲ್ಕು ತಿಂಗಳು ಹಿಡಿಯಿತು. ಎಂಜಿನ್, ಗೇರ್‌ಬಾಕ್ಸ್ ಅಂಬಾಸಿಡರಿನವು. ಹಿಂದಿನ ಆಕ್ಸಲನ್ನು ಕತ್ತರಿಸಿ ಅಗಲ ಕಡಿಮೆ ಮಾಡಿಸಿದೆ. ತಂತಿ ಚಕ್ರಗಳು ತುಕ್ಕು ತಿಂದಿದ್ದವು. ಹಬ್‌ಗಳನ್ನೂ ಅಂಬಾಸಿಡರಿನವೇ ತಂದು, ಲೇತಿನಲ್ಲಿ ಕಡೆಸಿ, ಐದು ನಟ್ಟಿನ ತಗಡು ಚಕ್ರ ಹಾಕಿದೆ. ಹೊಸ ಹಬ್‌ಗೆ ಪಿನ್ನು ತೂರಿಸುವಾಗ ಎರಡು ಸಲ ಮುಚ್ಚಳ ಬಿಚ್ಚಿ ನೋಡಿದೆ.

ಕಾರು ಓಡಿದ ದಿನ ಚೀಲ ಬಿಚ್ಚಿ, ಚಕ್ರ ರಾಯರ ಮುಂದಿಟ್ಟು ಹೇಳಿಬಿಡಬೇಕು ಎಂದು ನಿಶ್ಚಯ ಮಾಡಿದ್ದೆ. ಅದಕ್ಕೆ ಮೊದಲೇ ಹೇಳಬಹುದಿತ್ತು. ದಿನಾ ಬೆಳಿಗ್ಗೆ ಶೆಡ್ಡಿಗೆ ಹೋದರೆ ಚೀಲ ಅಲ್ಲೇ ಇರುತ್ತಿತ್ತು. ಇಷ್ಟು ವರ್ಷ ಕಾದದ್ದಾಯಿತು, ಇನ್ನೊಂದು ವಾರ ಎನಿಸುತ್ತಿತ್ತು.

ಕೊನೆಯ ವಾರ ಜ್ವರ ಬಂದು ನಾಲ್ಕು ದಿನ ಮಲಗಿದೆ. ಎದ್ದು ಹೋದಾಗ ಶೆಡ್ಡು ಗುಡಿಸಿ ತೊಳೆದಿತ್ತು.

‘‘ಆ ಗುಜರಿಯೆಲ್ಲಾ ಪುದುಪೇಟೆಯವನಿಗೆ ಹಾಕಿಬಿಟ್ಟೆ ಕಣೋ’’ ಎಂದರು ರಾಯರು. ‘‘ನಿನಗೊಂದು ಕೆಲಸ ಕಮ್ಮಿ.’’

ಬಸ್ಸು ಹತ್ತಿ ಪುದುಪೇಟೆಗೆ ಹೋದೆ. ಗುಜರಿಯವನು ಹಿತ್ತಾಳೆ ಬೇರೆ, ಕಬ್ಬಿಣ ಬೇರೆ ರಾಶಿ ಮಾಡಿದ್ದ. ಕಿವಿಯ ನಟ್ಟು ಹಿತ್ತಾಳೆಯಲ್ಲಿತ್ತು. ಹಬ್ ಯಾವ ರಾಶಿಯಲ್ಲಿ ಹೋಯಿತೋ. ಚಕ್ರ ಚಪ್ಪಟೆಯಾಗಿತ್ತು.

‘‘ಒಂದೇ ಒಂದು ನಟ್ಟು ಅಣ್ಣೇ’’ ಎಂದು ಅವನು ತಮಿಳಿನಲ್ಲಿ ಗೊಣಗಿದ. ‘‘ಮಿಕ್ಕ ಮೂರೂ ಮೊದಲೇ ಬಿಚ್ಚಿದ್ವು. ಇದೊಂದಕ್ಕೆ ಇಬ್ಬರು ಸೇರಿ ಅರ್ಧ ಗಂಟೆ ಹೊಡೆದ್ವಿ. ಯಾವ ಪುಣ್ಯಾತ್ಮ ಬಿಗಿ ಮಾಡಿದ್ನೋ.’’

ಮಾರನೆಯ ದಿನ ರಾಯರು ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಬೀಚಿನ ತನಕ ಕಾರು ಓಡಿಸಿದರು. ಎಂಜಿನ್ನು ಟ್ಯಾಕ್ಸಿಯ ಹಾಗೇ ಕೂಗುತ್ತಿತ್ತು. ಕಡಲಿನ ಎದುರು ನಿಲ್ಲಿಸಿದಾಗ ಎಲ್ಲವನ್ನೂ ಹೇಳಿದೆ. ಪಿನ್ನು, ಜೇಬು, ಚೀಲ, ಎಲ್ಲ.

ಅವರು ಕೀಲಿ ತಿರುಗಿಸಿ ಎಂಜಿನ್ನು ಆರಿಸಿದರು.

‘‘ಚಕ್ರ ಎಲ್ಲಿ?’’

‘‘ನೀವೇ ಕೊಟ್ಟುಬಿಟ್ಟಿರಿ ಸಾರ್.’’

‘‘ಸರಿ. ಪಿನ್ನು?’’

‘‘ಅವತ್ತೇ ಬಿಸಾಡಿದೆ.’’

‘‘ನೋಡೋ, ಹರಿದಾಸ ನಿನ್ನ ಗುರು. ಅವನ ಹೆಂಡತಿ ಕಷ್ಟ ನಿನಗೆ ನೋಡಕ್ಕಾಗಲ್ಲ. ಅದಕ್ಕೆ ತಪ್ಪನ್ನ ನಿನ್ನ ತಲೆ ಮೇಲೆ ಹಾಕ್ಕೋತಿದೀಯ. ಒಳ್ಳೆ ಮನಸ್ಸು. ಆದ್ರೆ ನನ್ನ ಹತ್ರ ಬೇಡ.’’

‘‘ನಿಜ ಸಾರ್.’’

‘‘ಇಪ್ಪತ್ತೇಳು ವರ್ಷ ದಿನಾ ಅವನನ್ನ ಶಪಿಸಿದೀನಿ ನಾನು. ಅವನು ಸತ್ತಾಗ ಸಿಹಿ ತಿಂದೆ. ಈಗ ಬಂದು ಅದೆಲ್ಲಾ ತಪ್ಪು ಅಂತೀಯಾ? ಇಳಿ.’’

ಇಳಿದೆ. ಕಾರು ಹೊರಟುಹೋಯಿತು. ಚಕ್ರ ನಾಲ್ಕೂ ನೆಟ್ಟಗೆ ತಿರುಗುತ್ತಿದ್ದವು.

ಹರಿದಾಸಣ್ಣನ ಹೆಂಡತಿ ಜಾನಕಮ್ಮ ವೆಸ್ಟ್ ಮಾಂಬಲಂನಲ್ಲಿ, ಸ್ಟೇಷನ್ ಹಿಂದಿನ ಗಲ್ಲಿಯಲ್ಲಿ, ಒಂದೇ ಕೋಣೆಯ ಮನೆಯಲ್ಲಿದ್ದಳು. ಮರುದಿನ ಬೆಳಿಗ್ಗೆ ಹೋದೆ.

‘‘ಬಾರೋ ವಿಠ್ಠಲ. ಏನು, ದಾರಿ ತಪ್ಪಿತಾ?’’ ಎಂದಳು. ‘‘ಕೂತ್ಕೋ. ಡಿಕಾಕ್ಷನ್ ಇದೆ, ಕಾಫಿ ಬೆರೆಸ್ತೀನಿ.’’

ಕಾಫಿ ತಂದು ಮುಂದಿಟ್ಟಳು. ನಾನು ಮುಟ್ಟದೆ ಎಲ್ಲ ಹೇಳಿದೆ. ರಾಯರು ನಂಬಲಿಲ್ಲವೆಂದೂ ಹೇಳಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೇಳಿದಳು.

‘‘ಕಡೇ ಎರಡು ವರ್ಷ ಅವರದು ಅದೇ ಮಾತು’’ ಎಂದಳು. ‘‘‘ಜಾನಕೀ, ನಾನು ಒಂಬತ್ತು ಹೊಡೆದ್ನಾ, ಎಂಟು ಹೊಡೆದ್ನಾ’ ಅಂತ. ಊಟಕ್ಕೆ ಕೂತ್ರೂ ಅದೇ, ಮಲಗಿದ್ರೂ ಅದೇ. ನಾನೇನು ಅಲ್ಲಿದ್ನಾ? ಒಂದಿನ ತಡೀಲಾರದೆ ‘ಎಂಟೇ ಇರಬೇಕು ಬಿಡಿ’ ಅಂದ್ಬಿಟ್ಟೆ. ಆಮೇಲೆ ಅವರು ಕೇಳಲಿಲ್ಲ.’’

ಸೆರಗಿನ ತುದಿ ಬಿಟ್ಟು ನನ್ನ ಕಡೆ ತಿರುಗಿದಳು.

‘‘ಆ ಗುಜರಿಯವನು ಎಷ್ಟು ಹೊತ್ತು ಹೊಡೆದ ಅಂದೆ?’’

‘‘ಅರ್ಧ ಗಂಟೆ, ಅತ್ತಿಗೆ.’’

‘‘ಇಬ್ಬರಾ?’’

‘‘ಇಬ್ಬರು.’’

ಅವಳು ನನ್ನ ಮುಂದಿನ ಲೋಟ ಎತ್ತಿಕೊಂಡು ಬಚ್ಚಲಿಗೆ ಹೋಗಿ ಕಾಫಿ ಚೆಲ್ಲಿದಳು. ಲೋಟ ತೊಳೆದು ಬೋರಲು ಹಾಕಿದಳು.

‘‘ಹೋಗು’’ ಎಂದಳು. ‘‘ಇನ್ನು ಬರಬೇಡ.’’

ಹೊಸ್ತಿಲಾಚೆ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ. ಒಳಗೆ ಅವಳ ದನಿ ಕೇಳಿಸಿತು, ಕಿವಿ ಮಂದವಾದವರಿಗೆ ಹೇಳುವ ಹಾಗೆ, ನಿಧಾನವಾಗಿ.

‘‘ಒಂಬತ್ತೇ ಅಂತೆ ರೀ. ಒಂಬತ್ತೇ.’’