ಎರಡು ಬೆರಳಿನ ಜಾಗ

ದರ್ಜಿಯ ಮಗಳು ಬಿಳಿ ಅಂಗಿಯ ಪಕ್ಕದ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚುತ್ತಿದ್ದಳು. ಹೋದ ವರ್ಷ ಅಪ್ಪ ಅದನ್ನು ತಾನೇ ಹೊಲಿದುಕೊಂಡಿದ್ದ. ಈಗ ತೊಡಿಸಿ ನೋಡಿದರೆ ಒಳಗೆ ಇನ್ನೊಬ್ಬರು ಹಿಡಿಸುವಷ್ಟು ದೊಗಳೆ. ನಲವತ್ತು ವರ್ಷ ಊರಿಗೆಲ್ಲ ಮೈಗೊಪ್ಪುವಂತೆ ಹೊಲಿದವನನ್ನು ಕೊನೆಯ ಸಲ ಹಾಗೆ ಕಳಿಸುವುದಾದರೂ ಹೇಗೆ?

“ಜನ ಬಂದು ಕೂತಿದ್ದಾರೆ ಕಣೇ. ಈಗ ಯಾರು ನೋಡ್ತಾರೆ ಅದನ್ನೆಲ್ಲ?” ಎಂದಳು ಸೋದರತ್ತೆ.

“ಅಪ್ಪ ನೋಡ್ತಿದ್ರು ಅತ್ತೆ.”

ಅಣ್ಣನ ಸ್ವಭಾವ ಅತ್ತೆಗೆ ಗೊತ್ತಿಲ್ಲದ್ದೇ? ಅವಳ ಮದುವೆಯ ದಿನ ವರನ ಕೋಟಿನ ತೋಳು ಒಂದಿಷ್ಟು ಉದ್ದವಾಯಿತೆಂದು ಇಡೀ ಮದುವೆಯನ್ನೇ ಕಾಯಿಸಿದ ಆಸಾಮಿ ಅವನು.

ಆದರೆ ಎಷ್ಟು ಚಿಕ್ಕದು ಮಾಡಬೇಕು? ಟೇಪು ಹಿಡಿದು ಮಗಳು ಆಗಲೇ ಒಳಗೆ ಹೋಗಿಬಂದಿದ್ದಳು. ಅಪ್ಪನ ಮೈಮೇಲೆ ಅದನ್ನಿಡಲು ಕೈ ಬರಲಿಲ್ಲ.

ಅವಳ ಎಂಟು ವರ್ಷದ ಹುಡುಗಿ ಶಾಲೆಯ ನೋಟುಪುಸ್ತಕ ತಂದು ಮಡಿಲಲ್ಲಿಟ್ಟಳು. “ಅಳತೆ ಇದೆಯಲ್ಲಮ್ಮಾ.”

*

ನಾಲ್ಕು ದಿನದ ಹಿಂದಿನ ಮಾತು. ಇಂಚೂನ ಕರೆತರಬೇಡ, ನನ್ನ ನೋಡಿ ಹೆದರುತ್ತಾಳೆ ಎಂದು ಅಪ್ಪ ಆಸ್ಪತ್ರೆಯಿಂದ ಹೇಳಿಕಳಿಸಿದ್ದ. ಹುಟ್ಟಿದಾಗ ಅಂಗೈಯಷ್ಟಿದ್ದ ಮೊಮ್ಮಗಳಿಗೆ ಅವನಿಟ್ಟ ಹೆಸರು ಇಂಚು. ತಾಯಿಯ ಅಂಜಿಕೆಯೂ ಅದೇ. ಮಗು ಹಿಂದೆ ಸರಿದರೆ ಅಪ್ಪ ಅದನ್ನೇ ಕಣ್ಣಲ್ಲಿಟ್ಟುಕೊಂಡು ಹೋಗುತ್ತಾನೆ. ಆದರೂ ಇಂಚು ಹಟ ಬಿಡಲಿಲ್ಲ. ಬಸ್ಸಿನಲ್ಲಿ ಅವಳನ್ನು ಪಕ್ಕಕ್ಕೆ ಎಳೆದುಕೊಂಡು ತಾಯಿ ಒಂದೊಂದಾಗಿ ಹೇಳಿದಳು. ಮೂಗಿನಲ್ಲಿ ನಳಿಕೆ ಇರುತ್ತದೆ. ಅವರ ಮಾತು ಸರಿಯಾಗಿ ಕೇಳಿಸುವುದಿಲ್ಲ. ಅಜ್ಜ ಇನ್ನು ಮನೆಗೆ ಬರುವುದಿಲ್ಲ. ಅಳು ಬಂದರೆ ಅಳಬಹುದು.

“ತುಂಬಾ ಸಣ್ಣ ಆಗಿದ್ದಾರೆ ಪುಟ್ಟಾ.”

“ಎಷ್ಟು ಸಣ್ಣ?”

ವಾರ್ಡಿನ ಬಾಗಿಲಲ್ಲಿ ಇಂಚು ನಿಂತೇಬಿಟ್ಟಳು. ಹುಡುಗಿ ಚೀಲದಿಂದ ಅಜ್ಜನ ಹಳೇ ಟೇಪು ತೆಗೆದು, ನೇರ ಮಂಚದ ಬಳಿ ಹೋಗಿ, “ಕೈ ಎತ್ತಿ ಅಜ್ಜಾ” ಎಂದಳು. ಪ್ರತಿ ಹುಟ್ಟುಹಬ್ಬಕ್ಕೂ ಹೊಸ ಫ್ರಾಕಿಗೆ ಅಳತೆ ತೆಗೆಯುವಾಗ ಅಜ್ಜ ಅವಳಿಗೆ ಹೇಳುತ್ತಿದ್ದ ಮಾತದು. ಅಜ್ಜ ನಕ್ಕ, ಕೈ ಎತ್ತಿದ. ಎದೆ, ತೋಳು ಆಯಿತು, ಎಲ್ಲವನ್ನೂ ಬರೆದುಕೊಂಡಳು. ಕುತ್ತಿಗೆಗೆ ಬಂದಾಗ ಅವನೇ ಅವಳ ಬೆರಳು ಹಿಡಿದು ಟೇಪಿನೊಳಗೆ ತೂರಿಸಿದ.

“ಎರಡು ಬೆರಳಿನ ಜಾಗ ಬಿಡಬೇಕು ಕಂದಾ. ಉಸಿರಾಡೋಕೆ.”

*

ತಾಯಿ ನೋಟುಪುಸ್ತಕವನ್ನು ಎದುರಿಗಿಟ್ಟುಕೊಂಡು ಹೊಲಿದಳು. ಕಣ್ಣು ಮಂಜಾದಾಗಲೆಲ್ಲ ಹೊಲಿಗೆ ಯಂತ್ರ ನಿಲ್ಲುತ್ತಿತ್ತು. ಕೊನೆಗೆ ಕಾಲರಿನ ಗುಂಡಿ ಕಿತ್ತು ಒಳಕ್ಕೆ ಸರಿಸಿದಳು.

ಅಂಗಿ ತೊಡಿಸಿದರು. ಎಲ್ಲೂ ಒಂದು ಸುಕ್ಕಿಲ್ಲ. ಅತ್ತೆ ಭುಜ ಸವರಿ, ಈಗ ನಮ್ಮಣ್ಣನ ಹಾಗೆ ಕಾಣ್ತಾನೆ ಎಂದು ಅತ್ತಳು.

ಎತ್ತಲು ನಾಲ್ಕು ಜನ ಬಗ್ಗಿದರು.

“ಸ್ವಲ್ಪ ತಾಳಿ” ಎಂದಳು ಇಂಚು. ಮೊಣಕಾಲೂರಿ ಕೂತು, ಅಜ್ಜನ ಕಾಲರಿನೊಳಗೆ ಬೆರಳಿಟ್ಟು ನೋಡಿದಳು. ಎರಡೂ ಸಲೀಸಾಗಿ ಹೋದವು.