ಭಾವನ ಪಿಸ್ತೂಲಿನ ಮೊನೆ

ಸೌತೆಬೀಜದಷ್ಟು ಉದ್ದದ ಉಕ್ಕಿನ ಚೂರೊಂದು ನನ್ನ ಅಂಗೈಯಲ್ಲಿತ್ತು. ಪಿಸ್ತೂಲಿನ ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲೆಂದು ಎದ್ದು ನಿಂತಿರುತ್ತದಲ್ಲ, ಆ ಮೊನೆ. ಪಿಸ್ತೂಲು ನಮ್ಮಕ್ಕನ ಗಂಡ ಸಿದ್ಧಲಿಂಗಾಚಾರ್ರದು. ದಂಡಿನಿಂದ ಬಂದ ಮೇಲೆ ಭಾವ ಒಬ್ಬ ಸಾಹುಕಾರರಲ್ಲಿ ಕಾವಲಿಗಿದ್ದರು. ವರ್ಷಕ್ಕೊಮ್ಮೆ ಪೊಲೀಸ್ ಸಾಹೇಬರ ಮುಂದೆ ಐದು ಗುಂಡು ಹಾರಿಸಬೇಕು. ಮೂರಾದರೂ ಗುರಿಗಿಟ್ಟ ಮಡಕೆಗೆ ತಾಗದಿದ್ದರೆ ಪಿಸ್ತೂಲೂ ಹೋಯಿತು, ಕೆಲಸವೂ ಹೋಯಿತು.

"ಎಡಕ್ಕೆ ವಾಲೈತೆ ಕಣೋ. ಕಲ್ಲುಕೋರೇಲಿ ಹೊಡೆದು ನೋಡ್ದೆ, ಒಂದೂ ತಾಗ್ಲಿಲ್ಲ. ಹೊಸದು ಕೂರ್ಸು" ಎಂದರು ಭಾವ.

"ನಾನು ಮೂಗುತಿ ಮಾಡೋನು ಭಾವ."

"ಮೂಗುತಿ ಕೂರ್ಸೋನಿಗೆ ಇದ್ಯಾವ ಘನ ಕೆಲ್ಸ? ಸಿಂಗಾರ ಗಿಂಗಾರ ಮಾಡ್ಬೇಡ, ಅಷ್ಟೆ."

ಗುಂಡು ತೆಗೆದಿಟ್ಟು ಪಿಸ್ತೂಲನ್ನು ನಮ್ಮ ಜಗಲಿಯ ಮೇಲೆ ಮಲಗಿಸಿದರು. ನಾನು ನಳಿಗೆಯುದ್ದಕ್ಕೂ ದಾರ ಎಳೆದು ಹಿಡಿದು ನೋಡಿದೆ. ಹಳೆಯ ಮೊನೆ ನೆಟ್ಟಗೇ ನಿಂತಿತ್ತು. ಆದರೆ ದಂಡಿನಲ್ಲಿ ಇದ್ದು ಬಂದವರಿಗೆ ಅದನ್ನು ಹೇಳುವ ಬಾಯಿ ನನಗಿರಲಿಲ್ಲ. ಹಳೆಯದನ್ನು ತಟ್ಟಿ ತೆಗೆದೆ, ಹೊಸದನ್ನು ಅರದಿಂದ ಉಜ್ಜಿ ಕೂರಿಸಿದೆ. ಅಷ್ಟಕ್ಕೇ ಬಿಡಬೇಕಿತ್ತು. ನಮ್ಮ ಕುಲುಮೆಯಿಂದ ಹೊಳಪಿಲ್ಲದೆ ಯಾವ ಲೋಹವೂ ಹೊರಗೆ ಹೋದದ್ದಿಲ್ಲ. ಅಭ್ಯಾಸಬಲದಿಂದ ಕೈ ತಾನಾಗಿ ಮೆರುಗು ಕೊಟ್ಟುಬಿಟ್ಟಿತು.

ಪರೀಕ್ಷೆಯ ದಿನ ಒಳ್ಳೆಯ ಬಿಸಿಲು. ಮೋಟುಗೋಡೆಯ ಮೇಲೆ ಮಡಕೆ ಇಟ್ಟಿದ್ದರು. ಭಾವನ ಮೊದಲೆರಡು ಗುಂಡೂ ಹುಸಿಯಾದವು. ಸಾಹೇಬರು ಪಿಸ್ತೂಲು ಇಸಿದುಕೊಂಡು ನೋಡಿದರು.

"ಇದ್ಯಾರಯ್ಯ ಹಿಂಗೆ ಹೊಳೆಸಿರೋದು? ಬಿಸಿಲಿಗೆ ಕಣ್ಣು ಕುಕ್ಕುತ್ತೆ!"

"ನಾನೇ ಸ್ವಾಮಿ."

"ಬೇಡ ಅಂದಿದ್ದೆ ಸ್ವಾಮಿ! ನನ್ನ ಭಾಮೈದ ಕೋವಿಗೂ ಓಲೆ ತೊಡಿಸೋ ಪೈಕಿ" ಎಂದರು ಭಾವ. ಎಲ್ಲರೂ ನಕ್ಕರು. ಅವರ ಮುಖ ಎಷ್ಟು ಹಗುರವಾಗಿತ್ತೆಂದರೆ, ಬೈಸಿಕೊಂಡದ್ದಕ್ಕೆ ನನಗೂ ಸಂತೋಷವಾಯಿತು.

ಸಾಹೇಬರು ಒಳ್ಳೆಯವರು. ಬುಡ್ಡಿಯ ಹೊಗೆ ಹಿಡಿಸಿ ಮೊನೆಯನ್ನು ಕಪ್ಪು ಮಾಡಿಸಿದರು. ಮತ್ತೆ ಐದು ಗುಂಡಿಗೆ ಅವಕಾಶ ಕೊಟ್ಟರು. ಪೇದೆಯೊಬ್ಬ ಮಡಕೆಯನ್ನು ಗೋಡೆಯ ಆಚೆ ತುದಿಗೆ ಸರಿಸಿಟ್ಟು ಬಂದ. ಭಾವ ಕೈ ಚಾಚಿದರು. ನಾನು ಅವರ ಬೆನ್ನ ಹಿಂದೆಯೇ ನಿಂತಿದ್ದೆ. ಸೌತೆಬೀಜದಂಥ ಆ ಕಪ್ಪು ಮೊನೆ ಮಡಕೆ ಮೊದಲಿದ್ದ ಜಾಗವನ್ನೇ ನೋಡುತ್ತಿತ್ತು.

ತುಟಿ ಅಲುಗಿಸದೆ ಅವರು ಕೇಳಿದರು: "ಭಾಮೈದ, ಮಡಕೆ ಎಲ್ಲೈತೆ?"

ಹೇಳಬಹುದಿತ್ತು. ಹೇಳಿದ್ದರೆ ತಾಗುತ್ತಿತ್ತೋ ಏನೋ. ಆದರೆ ಆಮೇಲೆ ಬೀದಿಯಲ್ಲಿ, ಜನರ ನಡುವೆ, ಎಲ್ಲಿ ಏನಿದೆಯೆಂದು ಹೇಳುವವರು ಯಾರು?

"ಇಳಿಸಿ ಭಾವ" ಎಂದೆ. ಅವರು ಕೈ ಇಳಿಸಿದರು. ನಾನು ಮುಂದೆ ಹೋಗಿ ಕೈಮುಗಿದೆ. "ನನ್ನ ಕೆಲಸ ಕೆಟ್ಟೈತೆ ಸ್ವಾಮಿ. ಮೊನೆ ಅಲ್ಲಾಡ್ತೈತೆ, ಹೊಡೆಯೋದು ಅಪಾಯ."

ಸಾಹೇಬರು ಭಾವನನ್ನು ಬಹಳ ಹೊತ್ತು ನೋಡಿದರು. "ಸರಿಮಾಡಿಸಿಕೊಂಡು ಬನ್ನಿ" ಎಂದರು. ಭಾವ ಬೆರಳಲ್ಲಿ ತಡವುತ್ತ ಗುಂಡುಗಳನ್ನು ತೆಗೆದು, ಪಿಸ್ತೂಲನ್ನು ಸಾಹೇಬರ ಮೇಜಿನ ಮೇಲಿಟ್ಟರು. "ಇನ್ನು ಬರಲ್ಲ ಸ್ವಾಮಿ. ಇದು ಇಲ್ಲೇ ಇರ್ಲಿ."

ಊರಿಗೆಲ್ಲ ಭಾವನ ಪಿಸ್ತೂಲು ಕೆಡಿಸಿದವನು ನಾನೇ ಆದೆ. ಇವತ್ತಿಗೂ ಹಾಗೇ ಇದೆ, ಇರಲಿ.

ಅವತ್ತು ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ಕೇಳಿದಳು: "ಏನಾಯ್ತು?"

"ನಿನ್ನ ತಮ್ಮ ಕೆಡಿಸ್ಬಿಟ್ಟ ಕಣೇ" ಎನ್ನುತ್ತ ಭಾವ ಹೊಸಿಲು ದಾಟಿದರು.

ಅಕ್ಕ ನನ್ನ ಮುಖ ನೋಡಲಿಲ್ಲ. ನಡುಮನೆಯಲ್ಲಿದ್ದ ಮಣೆಯನ್ನು ಸದ್ದಾಗದಂತೆ ಎತ್ತಿ, ಅವರ ದಾರಿಯಿಂದ ಗೋಡೆಗೆ ಒರಗಿಸಿಟ್ಟಳು.