ಎತ್ತರ ಹೇಳುವ ಪೆಟ್ಟಿಗೆ

೧೯೯೧ರಲ್ಲಿ ಭೂಸನೂರಿನ ಕಬ್ಬಿನ ಹೊಲಗಳಾಚೆಯ ಮೊರಂ ಮಣ್ಣಿನ ಓಡುಪಟ್ಟಿಯ ಮೇಲೆ ಒಂದೇ ಒಂದು ವಿಮಾನ ನಿಲ್ಲುತ್ತಿತ್ತು. ಎರಡು ಸೀಟಿನದು, ಮೈಗೆಲ್ಲ ಬಟ್ಟೆ ಹೊದಿಸಿದ್ದು. ಅಫಜಲಪುರದಿಂದ ಜೇವರ್ಗಿಯವರೆಗೆ ಬೆಳೆಗೆ ಹುಳು ಎಲ್ಲೆಲ್ಲಿ ಹಬ್ಬಿದೆ ಎಂದು ಮೇಲಿನಿಂದ ನೋಡಿ ಬರುವುದು ಅದರ ಕೆಲಸ. ಹಾರಿಸುವವರು ಪ್ರಹ್ಲಾದರಾವ್. ರೇಡಿಯೊ, ವೈರಿಂಗ್ ನೋಡಿಕೊಳ್ಳುವವಳು ಆಳಂದದ ಮುಮತಾಜ. ಅಪ್ಪ ಲಾಡ್ಲೆಸಾಬನ ಟ್ರಾನ್ಸಿಸ್ಟರ್ ರಿಪೇರಿ ಅಂಗಡಿಯಲ್ಲಿ ಕೈ ಪಳಗಿಸಿಕೊಂಡು, ಗುಲ್ಬರ್ಗದಲ್ಲಿ ಡಿಪ್ಲೊಮಾ ಮುಗಿಸಿ ಬಂದವಳು.

ಹಿಂದಿನ ಚಳಿಗಾಲದಲ್ಲಿ, ವಿಮಾನದ ರಿಪೇರಿಗೆಂದು ಹೋದಾಗ, ಹೈದರಾಬಾದಿನ ಹತ್ತಿರ, ಮಂಜಿನೊಳಗೆ, ದೊಡ್ಡ ವಿಮಾನವೊಂದು ಪ್ರಹ್ಲಾದರಾಯರ ತಲೆಯ ಮೇಲೇ ಹಾದು ಹೋಗಿತ್ತು. ಅದಕ್ಕೇ ಈಗ ಟ್ರಾನ್ಸ್‌ಪಾಂಡರ್ ಕೂಡಿಸುವುದೆಂದು ತೀರ್ಮಾನವಾಯಿತು. ಕೆಳಗಿನ ರಡಾರ್ ಕೇಳಿದಾಗಲೆಲ್ಲ ವಿಮಾನದ ಪರವಾಗಿ ತಾನೇ ಉತ್ತರ ಕೊಡುವ ಪೆಟ್ಟಿಗೆ ಅದು.

"ವಿಮಾನದ ನಂಬರ್ ಅಷ್ಟ ಹೇಳೋದು ತರಸೋಣು. ಹಗುರ ಅದ, ಜೋಡ್ಸೋದೂ ಸರಳ" ಎಂದರು ಪ್ರಹ್ಲಾದರಾವ್.

"ಅದರಿಂದ ನೀವು ಎಲ್ಲಿದ್ದೀರಿ ಅಂತ ಅಷ್ಟ ತಿಳೀತದ್ರಿ" ಎಂದಳು ಮುಮತಾಜ. "ಎಷ್ಟು ಮ್ಯಾಲ ಇದ್ದೀರಿ ಅಂತ ತಿಳಿಯಂಗಿಲ್ಲ. ಅವತ್ತು ರಡಾರಿನವರಿಗೆ ತಿಳೀಬೇಕಾಗಿದ್ದು ಅದೇ ಅಲ್ರಿ?"

"ಹಂಗಾದ್ರ ಎತ್ತರ ಹೇಳೋದೇ ಬರ್ಲಿ" ಎಂದರು ಪ್ರಹ್ಲಾದರಾವ್.

ಪೆಟ್ಟಿಗೆ ಬಂತು. ಬೆರಳುದ್ದದ ಆಂಟೆನಾ ಹೊಟ್ಟೆಯ ಕೆಳಗೆ ಬರಬೇಕು, ಆದರೆ ಬಟ್ಟೆಯ ಮೇಲೆ ಅದು ಕೆಲಸ ಮಾಡದು, ಅದಕ್ಕೆ ಲೋಹದ ಆಸರೆ ಬೇಕು. ಮುಮತಾಜ ಒಳಗಿನ ಚೌಕಟ್ಟಿಗೆ ಅಲ್ಯುಮಿನಿಯಂ ತಗಡು ಬಿಗಿದು, ಗಾಲಿಗಳ ಕಾಲು ಅಡ್ಡ ಬರದ ಜಾಗ ನೋಡಿ ಕೂಡಿಸಿದಳು. ಪೆಟ್ಟಿಗೆಯ ಜೊತೆ ಬಂದಿದ್ದ ಎತ್ತರ ಅಳೆಯುವ ಡಬ್ಬಿಯಿಂದ ಟ್ರಾನ್ಸ್‌ಪಾಂಡರಿಗೆ ಹತ್ತು ತಂತಿಗಳನ್ನು ಬೆಸೆದಳು. ನೆಲದ ಮೇಲೆ ಎಲ್ಲ ಸರಿಯಿತ್ತು. ಇಂಜಿನಿಯರ್ ಪಾಂಡುರಂಗರಾವ್ ನೋಡಿ ಸಹಿ ಹಾಕಿದರು.

ಪರೀಕ್ಷೆಗೆ ಹಾರುವಾಗ ಮುಮತಾಜಳೂ ಹಿಂದಿನ ಸೀಟಿನಲ್ಲಿ ಕುಳಿತಳು. ಅವಳು ಆಕಾಶಕ್ಕೇರಿದ್ದು ಅದೇ ಮೊದಲು. ರಡಾರ್ ಇದ್ದ ಹೈದರಾಬಾದ್ ಹತ್ತಿರವಾದಾಗ ಎತ್ತರದ ಮುಳ್ಳು ಐದು ಸಾವಿರ ಅಡಿ ತೋರಿಸುತ್ತಿತ್ತು. ರಡಾರಿನ ಅಧಿಕಾರಿಯ ದನಿ ಕಿವಿಗೆ ಬಿತ್ತು. ತಮ್ಮ ಪರದೆಯಲ್ಲಿ ಆರೂವರೆ ಸಾವಿರ ಕಾಣುತ್ತಿದೆ, ಎತ್ತರದ ಉತ್ತರ ಬಂದ್ ಮಾಡಿ, ಎಂದಿತು. ಹಟ ಹಿಡಿದು ತರಿಸಿದ ಪೆಟ್ಟಿಗೆ ಸುಳ್ಳು ಹೇಳುತ್ತಿತ್ತು. ಪ್ರಹ್ಲಾದರಾವ್ ಅದನ್ನು ಬಂದ್ ಮಾಡಿ ವಿಮಾನವನ್ನು ಭೂಸನೂರಿನತ್ತ ತಿರುಗಿಸಿದರು.

"ಡಬ್ಬಿನೇ ಖರಾಬ್ ಇರಬೇಕು. ವಾಪಸ್ ಕಳಸೋಣು" ಎಂದರು ಪಾಂಡುರಂಗರಾವ್.

"ಎರಡು ದಿನ ಕೊಡ್ರಿ. ನೋಡ್ತೇನಿ" ಎಂದಳು.

ಡಬ್ಬಿ ಗಾಳಿಯ ಒತ್ತಡದಿಂದ ಎತ್ತರ ತಿಳಿಯುವಂಥದು. ಮುಮತಾಜ ಅದರ ಕೊಳವೆಗೆ ದೊಡ್ಡ ಸಿರಿಂಜ್ ಸಿಕ್ಕಿಸಿ ಗಾಳಿಯನ್ನು ನಿಧಾನವಾಗಿ ಎಳೆದಳು. ನಿಂತಲ್ಲೇ ನಿಂತ ವಿಮಾನ ಮೇಲೇರುತ್ತಿದೆ ಎಂದುಕೊಂಡಿತು ಡಬ್ಬಿ. ಒಂದೊಂದು ಎತ್ತರಕ್ಕೂ ಒಂದೊಂದು ತಂತಿಗೆ ಮೀಟರ್ ಹಿಡಿದು ಬರೆದುಕೊಂಡಳು. ಎರಡನೆಯ ದಿನ ಮಧ್ಯಾಹ್ನ ಗುಟ್ಟು ಬಯಲಾಯಿತು. ಎರಡು ತಂತಿಗಳು ಅದಲುಬದಲಾಗಿದ್ದವು. ನೆಲದ ಮಟ್ಟದಲ್ಲಿ ಗೊತ್ತಾಗದ ತಪ್ಪು, ಮೇಲೇರಿದಾಗ ಮಾತ್ರ ಕಾಣುವಂಥದು. ಬೆಸುಗೆ ಅವಳದೇ.

ಶೆಡ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ. ತಿರುಗಿ ಬೆಸೆಯಲು ಹತ್ತು ನಿಮಿಷ ಸಾಕಿತ್ತು. ಅವಳು ಕಾವೇರಿದ್ದ ಸೋಲ್ಡರಿಂಗ್ ಕಡ್ಡಿಯನ್ನು ಆರಿಸಿ, ನೇರ ಪಾಂಡುರಂಗರಾಯರ ಟೇಬಲ್ಲಿಗೆ ಹೋದಳು.

"ಡಬ್ಬಿ ಛಲೋ ಅದರಿ. ತಪ್ಪು ನಂದು."

ಅವರು ಬಂದು ತಂತಿಗಳನ್ನು ನೋಡಿದರು. "ನಂದೂ ಅದ. ನೆಲದ ಮ್ಯಾಲ ಅಷ್ಟ ನೋಡಿ ಸಹಿ ಹಾಕಿದೆ" ಎಂದು ಲಾಗ್‌ಬುಕ್ಕನ್ನು ಅವಳ ಮುಂದಿಟ್ಟರು. "ಇದ್ದದ್ದು ಇದ್ದಂಗ ಬರಿ. ಇನ್ನ ಮ್ಯಾಲ ಪ್ರತಿ ಸಾವಿರ ಅಡಿಗೂ ಪರೀಕ್ಷೆ ಮಾಡಿನೇ ಮ್ಯಾಲ ಕಳಸೋದು."

ಮುಂದಿನ ಸೋಮವಾರ ಮತ್ತೆ ಹಾರಿದರು. ಅದೇ ಅಧಿಕಾರಿ. ಐದು ಸಾವಿರಕ್ಕೆ ಐದು ಸಾವಿರವೇ ಕಾಣುತ್ತಿದೆ ಎಂದ. ಸ್ವಲ್ಪ ಹೊತ್ತಿಗೆ, ಪ್ರಯಾಣಿಕರ ವಿಮಾನವೊಂದು ಎದುರಿನಿಂದ ಬರುತ್ತಿದೆ, ಅದನ್ನು ಆರು ಸಾವಿರದಿಂದ ಕೆಳಗಿಳಿಸುವುದಿಲ್ಲ, ನೀವು ಇದ್ದಲ್ಲೇ ಇರಿ ಎಂದ. ಬಿಳಿ ಹೊಟ್ಟೆಯ ವಿಮಾನ ಮೇಲೆ ಸಾಕಷ್ಟು ದೂರದಲ್ಲಿ ಸಾಗಿ ಹೋಯಿತು. ಅದರ ಕಿಟಕಿಗಳನ್ನು ಎಣಿಸಲು ಹೋಗಿ ಮುಮತಾಜ ಅರ್ಧಕ್ಕೇ ಬಿಟ್ಟಳು.

"ಈಗ ನಾವು ಅವರ ಕಣ್ಣಿಗೆ ಬೀಳಾಕತ್ತೇವಿ" ಎಂದರು ಪ್ರಹ್ಲಾದರಾವ್, ತಿರುಗಿ ನೋಡಿ ನಗುತ್ತ.

ಇಳಿದ ಮೇಲೆ ಪಾಂಡುರಂಗರಾವ್ ಒಂದು ಫಾರ್ಮ್ ಹಿಡಿದು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. "ಲೈಸೆನ್ಸ್ ಪರೀಕ್ಷೆದು. ಪಾಸಾದ್ರ ರೇಡಿಯೊ ಕೆಲಸಕ್ಕ ನೀನೇ ಸಹಿ ಹಾಕಬಹುದು. ಪರೀಕ್ಷೆಗೆ ಕೂಡ್ತೀಯೇನು?"

"ಕೂಡ್ತೇನ್ರಿ" ಎಂದಳು ಮುಮತಾಜ. ಪೆನ್ನಿಗಾಗಿ ಕೈ ಚಾಚಿದಳು.